ನಡುವಿನ ಗಾಳಿಯನ್ನು ಓಡಿಸಿದ ಕಥೆ: ಥರ್ಮಲ್ ಪೇಸ್ಟ್‌ನ ಹಿನ್ನೆಲೆ

ನಮ್ಮ ಸಂಘದ ಹಲವು ಮನೆಗಳಲ್ಲಿ ಈಗ ಮಕ್ಕಳೇ ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸುತ್ತಾರೆ. ಪ್ರೊಸೆಸರ್ ಮೇಲೆ ಕೂಲರ್ ಕೂರಿಸುವ ಮುನ್ನ ಪೇಸ್ಟ್ ಎಷ್ಟು ಹಾಕಬೇಕು ಎಂಬಲ್ಲಿ ಮಾತ್ರ ಕೈ ತಡೆಯುತ್ತದೆ. ಅದು ಹುಟ್ಟಿದ ಕಾರಣ ತಿಳಿದರೆ ಅಳತೆಯೂ ತಿಳಿಯುತ್ತದೆ.

ಎರಡು ಲೋಹದ ಮುಖಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ನಿಜವಾಗಿ ತಾಗುವುದು ಅಲ್ಲಲ್ಲಿ ಮಾತ್ರ. ಉಳಿದ ಸಂದಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಒಂದೇ ಮಾನದಲ್ಲಿ ಅಳೆದರೆ ತಾಮ್ರಕ್ಕೆ ಸುಮಾರು 400, ಗಾಳಿಗೆ ಬರೀ 0.026. ಸಾಮಾನ್ಯ ಪೇಸ್ಟ್‌ಗೆ 1ರಿಂದ 10ರ ಆಸುಪಾಸು. ಗಾಳಿಯ ಮುಂದೆ ಪೇಸ್ಟ್ ದೊಡ್ಡದು, ತಾಮ್ರದ ಮುಂದೆ ಏನೇನೂ ಅಲ್ಲ. ಹಾಗಾಗಿ ಅದು ಸಂದು ತುಂಬಿದರೆ ಸಾಕು. ದಪ್ಪನೆಯ ಪದರವಾದರೆ ಅದೇ ಅಡ್ಡಿ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪವರ್ ಟ್ರಾನ್ಸಿಸ್ಟರ್‌ಗಳನ್ನು ಲೋಹದ ತಗಡಿಗೆ ಬಿಗಿಯುವಾಗ ಸತುವಿನ ಆಕ್ಸೈಡ್ ಬೆರೆಸಿದ ಬಿಳಿ ಸಿಲಿಕೋನ್ ಗ್ರೀಸ್ ಬಳಸುವುದು ಹಳೆಯ ರೂಢಿ. ದೊಡ್ಡ ಕಂಪ್ಯೂಟರ್‌ಗಳಲ್ಲಿ ಇದೇ ಸಮಸ್ಯೆಗೆ ಐಬಿಎಂ ಬೇರೆ ದಾರಿ ಹಿಡಿಯಿತು. 1980ರಲ್ಲಿ ಪ್ರಕಟಿಸಿದ 3081 ಯಂತ್ರದ ಒಂದೊಂದು ಮಾಡ್ಯೂಲ್‌ನಲ್ಲಿ ನೂರಕ್ಕೂ ಹೆಚ್ಚು ಚಿಪ್‌ಗಳು. ಪ್ರತಿ ಚಿಪ್ಪಿನ ಬೆನ್ನಿಗೂ ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ಲೋಹದ ಪಿಸ್ಟನ್. ಮೇಲೆ ನೀರು ಹರಿಯುವ ತಣ್ಣನೆಯ ತಗಡು. ಪಿಸ್ಟನ್ ಸುತ್ತಲಿನ ಸಂದಿನಿಂದ ಗಾಳಿ ತೆಗೆದು ಹೀಲಿಯಂ ತುಂಬಿದರು, ಏಕೆಂದರೆ ಅದು ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಕೂದಲೆಳೆಯ ಸಂದಿಗಾಗಿ ಇಷ್ಟು ಸಾಹಸ!

ಮನೆಯ ಕಂಪ್ಯೂಟರಿಗೆ ಆ ಚಿಂತೆ ತಡವಾಗಿ ಬಂತು. 386 ಚಿಪ್‌ಗಳು ಸಾಮಾನ್ಯವಾಗಿ ಹೀಟ್ ಸಿಂಕ್ ಇಲ್ಲದೆಯೇ ಓಡುತ್ತಿದ್ದವು. 1993ರ 66 ಮೆಗಾಹರ್ಟ್ಸ್ ಪೆಂಟಿಯಂ ಗರಿಷ್ಠ 16 ವ್ಯಾಟ್‌ನಷ್ಟು ಕಾಯಿತು; 2004ರ ಹೊತ್ತಿಗೆ ಕೆಲವು ಪೆಂಟಿಯಂ 4 ಚಿಪ್‌ಗಳ ಲೆಕ್ಕ 115 ವ್ಯಾಟ್. ಉಗುರಗಲದ ಸಿಲಿಕಾನ್ ತುಂಡಿನಿಂದ ಇಷ್ಟು ಬಿಸಿ.

ನನ್ನ ಮಟ್ಟಿಗೆ ಈ ಕಥೆಯ ರುಚಿಯಾದ ಭಾಗ 2012ರದು. ಅಲ್ಲಿಯವರೆಗೆ ತನ್ನ ಮುಖ್ಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಸಿಲಿಕಾನನ್ನು ಲೋಹದ ಮುಚ್ಚಳಕ್ಕೆ ಬೆಸುಗೆ ಹಾಕುತ್ತಿದ್ದ ಇಂಟೆಲ್, ಐವಿ ಬ್ರಿಡ್ಜ್‌ನಲ್ಲಿ ಪೇಸ್ಟ್ ಇಟ್ಟಿತು. ವೇಗ ಹೆಚ್ಚಿಸಿ ಓಡಿಸುವ ಹವ್ಯಾಸಿಗಳಿಗೆ ಚಿಪ್ ವಿಪರೀತ ಬಿಸಿ ಎನಿಸಿತು. ವಾರಂಟಿ ಹೋದರೂ ಸರಿಯೆಂದು ಬ್ಲೇಡಿನಿಂದ ಮುಚ್ಚಳ ಎಬ್ಬಿಸಿದರು. ಕೈ ಜಾರಿ ಚಿಪ್ ಕಳೆದುಕೊಂಡವರೂ ಉಂಟು. ಬಿಚ್ಚಿ ನೋಡಿದ ಹಲವರ ತೀರ್ಮಾನ ಸೊಗಸಾಗಿತ್ತು: ಪೇಸ್ಟ್‌ನ ಗುಣಕ್ಕಿಂತ ಅದರ ದಪ್ಪವೇ ದೋಷ. ಮುಚ್ಚಳವನ್ನು ಹಿಡಿದಿದ್ದ ಅಂಟು ಅದನ್ನು ಚೂರು ಮೇಲೆ ಎತ್ತಿ ನಿಲ್ಲಿಸಿತ್ತು.

2018ರ ಕೋರ್ ಐ9-9900ಕೆಯಲ್ಲಿ ಇಂಟೆಲ್ ಬೆಸುಗೆಗೆ ಮರಳಿತು. ಆದರೆ ಬೆಸುಗೆಯಿರುವುದು ಮುಚ್ಚಳದ ಒಳಗೆ. ಹೊರಗಡೆ, ಮುಚ್ಚಳಕ್ಕೂ ಕೂಲರಿಗೂ ನಡುವೆ, ಪೇಸ್ಟ್ ಇಂದಿಗೂ ಬೇಕು: ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸಾಧಾರಣ ಗಾತ್ರದ ಪ್ರೊಸೆಸರ್‌ಗೆ ನಡುಮಧ್ಯೆ ಬಟಾಣಿ ಕಾಳಿನಷ್ಟು. ಸ್ಕ್ರೂಗಳನ್ನು ಓರೆಯಾಗಿ ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿದರೆ ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ.