ಜನಾನಾ ಡಬ್ಬಿಯ ಬಾಗಿಲು

ಚಂದಾಪುರಕ್ಕೆ ಇಂದಿಗೂ ರೈಲಿಲ್ಲ. ಚಿಂಚೋಳಿ ಸೀಮೆಯವರು ಗಾಡಿ ಹತ್ತಬೇಕಾದರೆ ತಾಂಡೂರಿಗೋ ಸೇಡಮ್ಮಿಗೋ ಹೋಗಬೇಕು. ಆ ಹಳಿ ಮಾತ್ರ ಬಹು ಹಳೆಯದು. ವಾಡಿಯಿಂದ ಸಿಕಂದರಾಬಾದಿನವರೆಗಿನ ನಿಜಾಮರ ರೈಲುದಾರಿ 1874ರಲ್ಲೇ ತೆರೆಯಿತು. ಮುಂಬಯಿಯ ಹಳಿ 1871ರಷ್ಟು ಹಿಂದೆಯೇ ವಾಡಿಯನ್ನು ಹಾದು ರಾಯಚೂರನ್ನು ಮುಟ್ಟಿತ್ತು.

ಗೋಷಾ ಮನೆತನಗಳಿಗೆ ಇದರಿಂದ ಹೊಸ ಪೇಚೊಂದು ಒದಗಿತು. ಪರದೆ ಕಟ್ಟಿದ ಬಂಡಿ ಮನೆಬಾಗಿಲಿನಿಂದ ಮನೆಬಾಗಿಲಿಗೆ ಹೋಗುವಂಥದು. ಅದು ಮನೆಯದೇ ಒಂದು ತುಂಡು. ಸ್ಟೇಷನ್ನು ಹಾಗಲ್ಲ, ಅದು ಸರ್ವರ ಜಾಗ. (ಗೋಷಾ ಮುಸಲ್ಮಾನರದು ಮಾತ್ರವೆಂದು ವಾಚಕರು ತಿಳಿಯಬಾರದು, ಅನೇಕ ಹಿಂದೂ ಮನೆತನಗಳಲ್ಲಿಯೂ ಅದಿತ್ತು.)

1890ರ ರೈಲ್ವೆ ಕಾಯಿದೆಯ 64ನೆಯ ಕಲಮು ಇದಕ್ಕೊಂದು ಉತ್ತರ ಕೊಟ್ಟಿತು. ಪ್ರತಿಯೊಂದು ಪ್ರಯಾಣಿಕರ ಗಾಡಿಯಲ್ಲಿ ಅತಿ ಕೆಳಗಿನ ದರ್ಜೆಯ ಒಂದು ಡಬ್ಬಿಯಾದರೂ ಹೆಂಗಸರಿಗೇ ಮೀಸಲಿರಬೇಕು. ಗಾಡಿ 50 ಮೈಲಿಗಿಂತ ದೂರ ಹೋಗುವುದಾದರೆ ಅದರಲ್ಲಿ ಪಾಯಖಾನೆಯೂ ಇರಬೇಕು. ಅದೇ ದರ್ಜೆಯ ಗಂಡಸರಿಗೆ ಆ ಕಲಮು ಇಂಥ ಭಾಗ್ಯವನ್ನು ಹೇಳಲಿಲ್ಲ! ಬರೆದವರ ಮನಸ್ಸಿನಲ್ಲಿ ಸಮಾನತೆ ಇತ್ತೆಂದು ನನಗೆ ತೋರುವುದಿಲ್ಲ. ಆದರೂ ಬಡವರ ಮನೆಯ ಹೆಣ್ಣಿಗೆ ದೂರದ ಊರು ಸಾಧ್ಯವಾದದ್ದು ಇಂಥ ಮರದ ಬಾಗಿಲಿನಿಂದಲೇ.

ಡಬ್ಬಿಯ ಒಳಗನ್ನು ಕಾಯಿದೆ ನೋಡಿಕೊಂಡಿತು. ಆದರೆ ಕಟ್ಟೆಯಿಂದ ಡಬ್ಬಿಗೆ ಇಡಬೇಕಾದ ಒಂದು ಹೆಜ್ಜೆ? ಕಲ್ಕತ್ತೆಯಲ್ಲಿ 1911ರಲ್ಲಿ ಮುಸಲ್ಮಾನ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ ರೊಕೆಯಾ ಸಖಾವತ್ ಹುಸೇನರು 1931ರ 'ಅವರೋಧಬಾಸಿನಿ'ಯಲ್ಲಿ ತಮ್ಮ ಗಂಡನ ಬಂಧುವೊಬ್ಬರ ಸಾವನ್ನು ಹೇಳಿದ್ದಾರೆ. ಬಿಹಾರದ ಕಿಯೂಲ್ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಆಕೆ ಬುರ್ಖಾ ತೊಡರಿ ಹಳಿಯ ಮೇಲೆ ಬಿದ್ದರು. ಜೊತೆಗಿದ್ದವಳು ಒಬ್ಬ ದಾಸಿ ಮಾತ್ರ. ಎತ್ತಲು ಓಡಿಬಂದ ಕೂಲಿಗಳನ್ನು, ಪರಪುರುಷರು ಮುಟ್ಟಬಾರದೆಂದು ಅವಳೇ ತಡೆದಳು. ಗಾಡಿ ಹೊರಟಿತು. ಓದಿದವರಿಗೆ ದಾಸಿಯ ಮೇಲೆ ಸಿಟ್ಟು ಬರುವುದು ಸಹಜ. ಅವಳಿಗೆ ಕಲಿಸಿದ್ದನ್ನು ಅವಳು ಮಾಡಿದಳು. ನಡುವಿನ ಆ ಸಂದನ್ನೂ ಯಾರೋ ಕಟ್ಟಿದ್ದೇ ಅಲ್ಲವೇ?

1989ರ ಹೊಸ ರೈಲ್ವೆ ಕಾಯಿದೆಯೂ ಮಹಿಳೆಯರ ಮೀಸಲನ್ನು ಉಳಿಸಿಕೊಂಡಿದೆ. ರಸ್ತೆಯ ಮೇಲೆ ಮಾತ್ರ ಕಥೆ ತಿರುಗಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲವೆಂದಾದಾಗ, ಕಲ್ಯಾಣ ಕರ್ನಾಟಕದ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಗಂಡಸರಿಗೆಂದು ಮೀಸಲಿಡಬೇಕಾಯಿತು! ಚಂದಾಪುರದಿಂದ ಸೇಡಮ್ಮಿಗೆ ಹೊರಟ ಮುದುಕಿ ಈಗ ಯಾರನ್ನೂ ದುಡ್ಡು ಕೇಳಬೇಕಾಗಿಲ್ಲ. ಬುರ್ಖಾದ ಅಂಚನ್ನೋ ಸೀರೆಯ ನೆರಿಗೆಯನ್ನೋ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕಂಬಿಯನ್ನು ಹುಡುಕುತ್ತ, ಎತ್ತರದ ಆ ಮೊದಲ ಮೆಟ್ಟಿಲನ್ನು ಮಾತ್ರ ಆಕೆಯೇ ಹತ್ತಿಕೊಳ್ಳಬೇಕು.