ಹಳೇ ಕೋವಿ ಕತೆ – 4: ರಿವಾಲ್ವರ್ ಉಜ್ಜಬೇಡಿ!

ಸವೆದ ಮಿಲಿಟರಿ ರಿವಾಲ್ವರ್ ತೋರಿಸಿ ಯಾರಾದ್ರೂ ‘ಉಜ್ಜಿ ಪಾಲಿಶ್ ಹಾಕ್ಸಿದ್ರೆ ಹೊಸದರ ಥರ ಆಗುತ್ತೆ’ ಅಂದ್ರೆ, ಸ್ವಲ್ಪ ತಡೀರಿ.

ವೆಬ್ಲಿ ಮಾರ್ಕ್ 6 ನೋಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗಿ 1915ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ .455 ರಿವಾಲ್ವರ್ ಇದು. ಮೈಮೇಲೆ ಒಂದು ಬಾಣದ ಗುರುತಿದ್ರೆ ಸರ್ಕಾರದ ಸ್ವತ್ತು. ಎರಡು ಬಾಣ ಮುಖಾಮುಖಿ ಇದ್ರೆ ಸೇನೆ ಮಾರಿದ್ದು. ನಳಿಗೆ ತುದಿಯ ಕಪ್ಪು ಹೋಗಿ ಬಿಳುಪಾಗಿದ್ರೆ, ಅದು ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಹೋಗಿಬಂದ ಸವೆತ. ಎಮರಿ ಕಾಗದ ಹಿಡಿದು ಕೂತ್ರೆ ಇದೆಲ್ಲ ಮಾಯ!

ಈ ಪಾಠ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1902ರಲ್ಲಿ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಲ್ಲುಗಳೂ ಅದರಲ್ಲಿವೆ. ಅಕ್ಷರ ಉಳಿದ ಸಾಲು ಇತಿಹಾಸವಾಯ್ತು, ಸವೆದುಹೋದದ್ದು ಬರೀ ಚುಕ್ಕಿಗಳಾಗಿ ಅಚ್ಚಾಯ್ತು. ಕಬ್ಬಿಣದ ಮೇಲಿನ ಬರಹಕ್ಕೂ ಇದೇ ನ್ಯಾಯ.

ಕಾನೂನೂ ಗುರುತಿನ ಪರವೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ಬಂದೂಕಿನ ಹೆಸರು, ನಂಬರು, ಗುರುತು ಅಳಿಸೋ ಹಾಗಿಲ್ಲ. ದುಡ್ಡು ತಗೊಂಡು ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು. ಕೊಳ್ಳೋದಂತೂ ಸುಲಭವಿಲ್ಲ. .455 ನಮ್ಮಲ್ಲಿ ನಿಷೇಧಿತ ಬೋರ್, ಡಿ.ಸಿ. ಆಫೀಸಿನ ಸಾಮಾನ್ಯ ಲೈಸೆನ್ಸ್ ಸಾಲದು. ಕೇಂದ್ರ ಗೃಹ ಸಚಿವಾಲಯದವರೆಗೂ ಹೋಗಬೇಕು.

ಅಟ್ಟದ ಮೇಲೆ ತಾತನ ಕಾಲದ್ದು ಸಿಕ್ತಾ? ಒಳಗೆ ಗುಂಡಿರಬಹುದು, ಕುದುರೆ ಎಳೆದು ನೋಡಬೇಡಿ. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಕಾಗದಪತ್ರ ಸರಿಹೋದ ಮೇಲೂ ಎಣ್ಣೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ತುಕ್ಕು ನಿಲ್ಲುತ್ತೆ, ತಾತನ ಕತೆ ಉಳಿಯುತ್ತೆ.