ಜನತೆಯ ಹೆಸರಿನ ಎರಡು ಕಾರುಗಳು

ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಕನ್ನಡ ಪಾಠ ಹೇಳುವವನ ಕಣ್ಣು ಶಬ್ದಗಳ ಮೇಲೆ. ಮೋಟಾರಿನ ಚರಿತ್ರೆಯನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ಜನತೆಯ ಕಾರು’ ಎಂಬ ಮಾತು. ಆ ಮಾತಿಗೆ ಹಕ್ಕುದಾರರು ಇಬ್ಬರು: ಅಮೆರಿಕದ ಫೋರ್ಡ್ ಮಾಡೆಲ್ ಟಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಎರಡರಲ್ಲಿಯೂ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂದಿನ ಕಥೆ ಮಾತ್ರ ಬೇರೆ ಬೇರೆ.

ಮಾಡೆಲ್ ಟಿ ಹುಟ್ಟಿದ್ದು 1908ರಲ್ಲಿ. ಮುಂಭಾಗದಲ್ಲಿ ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನು. ಅಲ್ಲಿಂದ ಉದ್ದನೆಯ ದಂಡವೊಂದು ಹಿಂದಿನ ಅಚ್ಚನ್ನು ತಿರುಗಿಸುತ್ತಿತ್ತು. ಪೆಟ್ರೋಲು ಸೀಟಿನ ಕೆಳಗಿನ ಟ್ಯಾಂಕಿನಿಂದ ತಾನಾಗಿ ಹರಿದುಬರಬೇಕು. ಆದ್ದರಿಂದ ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿ ಹತ್ತಿಸುವುದೂ ಉಂಟಾಗಿತ್ತು! ಆದರೂ ಜನ ಕೊಂಡರು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರೇ ಕೆಲಸಗಾರನ ಬಳಿಗೆ ಸಾಗಿಬರುವ ಏರ್ಪಾಡಾಯಿತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಮೊದಲು 800 ಡಾಲರಿಗೆ ಮೀರಿದ್ದ ಎರಡು ಆಸನದ ಮಾದರಿ 1925ರಲ್ಲಿ 260 ಡಾಲರಿಗೆ ದೊರೆಯಿತು. 1914ರಲ್ಲಿ ದಿನಗೂಲಿ ಐದು ಡಾಲರಿಗೆ ಏರಿತು. ಜೊತೆಗೆ ಕೆಲಸಗಾರನ ಮನೆವಾರ್ತೆಯನ್ನು ತನಿಖೆ ಮಾಡುವವರೂ ಬಂದರು. ಇದೇನೂ ಧರ್ಮಾತ್ಮರ ಕಥೆಯಲ್ಲ. ಆದರೆ ಹಣ ಕೊಟ್ಟವನ ಮನೆಯ ಮುಂದೆ ಕಾರು ನಿಂತಿತು.

1927ರ ಮೇ 26ರಂದು ಒಂದೂವರೆ ಕೋಟಿಯ ಸಂಖ್ಯೆಯನ್ನು ಮುಟ್ಟಿ ಮಾಡೆಲ್ ಟಿಯ ಕಾಲ ಮುಗಿಯಿತು. ಸರಿಯಾಗಿ ಹನ್ನೊಂದು ವರ್ಷಗಳ ತರುವಾಯ, 1938ರ ಮೇ 26ರಂದು, ಜರ್ಮನಿಯ ಫಾಲರ್ಸ್‌ಲೇಬನ್ ಬಳಿ ಹಿಟ್ಲರ್ ಇನ್ನೊಂದು ಕಾರಿನ ಕಾರ್ಖಾನೆಗೆ ಅಸ್ತಿಭಾರ ಹಾಕಿದ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಈ ಕಾರಿನಲ್ಲಿ ಎಂಜಿನ್ನೇ ಹಿಂಬದಿಗೆ ಸರಿದಿತ್ತು. ಅದು ನೀರಿಲ್ಲದೆ ಗಾಳಿಯಿಂದಲೇ ತಣಿಯುತ್ತಿತ್ತು. ಬೆಲೆ 990 ಮಾರ್ಕು. ನಾಜಿಗಳ ಕಾರ್ಮಿಕ ಸಂಘಟನೆಯಿಂದ ವಾರಕ್ಕೆ ಐದು ಮಾರ್ಕಿನ ಸ್ಟ್ಯಾಂಪು ಕೊಂಡು ಪುಸ್ತಕಕ್ಕೆ ಅಂಟಿಸುತ್ತ ಹೋದರೆ ಕಾರು ನಿಮ್ಮದು ಎಂದರು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಂಟಿಸಿದರು. ಯುದ್ಧ ಬಂದಿತು. ಕಾರ್ಖಾನೆ ಸೆರೆಯಾಳುಗಳ ಬಲವಂತದ ದುಡಿಮೆಯಿಂದ ಸೈನ್ಯದ ವಾಹನಗಳನ್ನು ಮಾಡಿತು. ಸ್ಟ್ಯಾಂಪು ಅಂಟಿಸಿದವರಲ್ಲಿ ಒಬ್ಬನಿಗೂ ಕಾರು ಬರಲಿಲ್ಲ.

1945ರಲ್ಲಿ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಆ ಕಾರ್ಖಾನೆಗೆ ಮರುಜೀವ ಕೊಟ್ಟರು. ಬೀಟಲ್ ಲೋಕವನ್ನೆಲ್ಲ ಸುತ್ತಿತು; 1972ರ ಫೆಬ್ರವರಿಯಲ್ಲಿ ಮಾಡೆಲ್ ಟಿಯ ದಾಖಲೆಯನ್ನು ಮೀರಿತು; 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ಹೊರಬಂದಾಗ ಎಣಿಕೆ 2 ಕೋಟಿ 15 ಲಕ್ಷವನ್ನು ದಾಟಿತ್ತು. ಹಳೆಯ ಸ್ಟ್ಯಾಂಪು ಪುಸ್ತಕದವರಾದರೋ ವರ್ಷಗಟ್ಟಲೆ ಕೋರ್ಟಿಗೆ ಅಲೆದು, 1961ರ ರಾಜಿಯಲ್ಲಿ ಪಡೆದದ್ದಿಷ್ಟು: ಹೊಸ ಕಾರು ಕೊಂಡರೆ 600 ಮಾರ್ಕಿನವರೆಗೆ ಸೋಡಿ, ಇಲ್ಲವೆ 100 ಮಾರ್ಕು ನಗದು.

‘ಫೋಕ್’ ಎಂದರೆ ಜನ, ‘ವಾಗನ್’ ಎಂದರೆ ಬಂಡಿ. ಬೀಟಲಿನ ಹೆಸರಿನಲ್ಲಿಯೇ ಜನತೆ ಇದೆ. ಮಾಡೆಲ್ ಟಿಯ ಹೆಸರಿನಲ್ಲಿರುವುದು ಬರಿಯ ಒಂದು ಅಕ್ಷರ. ಕೊನೆಗೆ ಎರಡೂ ಜನರನ್ನು ಮುಟ್ಟಿದುವು, ನಿಜ. ಆದರೆ ಜನತೆಯ ಹೆಸರು ಹೇಳಿಕೊಂಡು ಏನನ್ನಾದರೂ ಕೊಡಬಂದವರನ್ನು ಬೆಲೆಯೆಷ್ಟೆಂದು ಕೇಳಿದರೆ ಸಾಲದು. ಹಣ ಮೊದಲೋ ಬಂಡಿ ಮೊದಲೋ ಎಂದೂ ಕೇಳಬೇಕು.